ನೀವು ಕೇಳಿದಿರಿ: ಫಿಜಿಯ ರಾತು ಮಾರ

ಪ್ರಶ್ನೆ: ಫಿಜಿಯ ಮೊದಲ ಪ್ರಧಾನಿ ರಾತು ಸರ್ ಕಮಿಸೆಸೆ ಮಾರ. 'ರಾತು' ಮನೆತನದ ಹೆಸರೇ? ಕ್ವಿಜ್‌ಗೆ ಮಕ್ಕಳನ್ನು ತಯಾರು ಮಾಡುತ್ತಿದ್ದೇನೆ.
– ಶಿಕ್ಷಕಿ, ಅರಸೀಕೆರೆ

ಉತ್ತರ: ಅಲ್ಲ, ಗೌರವಪದ. ದೊರೆಮನೆಯ ಗಂಡಸರಿಗೆ 'ರಾತು', ಹೆಂಗಸರಿಗೆ 'ಆಂದಿ'. ರೇವಾ ಸೀಮೆಯಲ್ಲಿ ಇಬ್ಬರಿಗೂ 'ರೋ'. ಮಕ್ಕಳು ಎಡವುವುದು ಉಚ್ಚಾರದಲ್ಲಿ. ಫಿಜಿ ಭಾಷೆಯನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವಾಗ 'ಡಿ' ಹಿಂದಿನ ನಕಾರ, 'ಬಿ' ಹಿಂದಿನ ಮಕಾರ ಬರೆಯುವುದಿಲ್ಲ, ಆದರೆ ಬಾಯಲ್ಲಿ ಹೇಳಲೇಬೇಕು. ವಿಮಾನ ನಿಲ್ದಾಣದ ಊರು 'ನಾಡಿ' ಅಲ್ಲ, ನಾಂದಿ. 1987ರಲ್ಲಿ ಸೇನಾದಂಗೆ ನಡೆಸಿದವರು 'ರಬುಕ' ಅಲ್ಲ, ರಂಬುಕ. ಸೊನ್ನೆ ಹಾಕಿ ಕನ್ನಡದಲ್ಲೇ ಬರೆದುಕೊಡಿ, ಮಕ್ಕಳು ತಪ್ಪಿಲ್ಲದೆ ಹೇಳುತ್ತಾರೆ.

ಪ್ರಶ್ನೆ: ಮಾರ ಜಂಬದ ಮನುಷ್ಯ ಎನ್ನುತ್ತಾರೆ, ನಿಜವೇ?
– ಓದುಗರು, ಹಾಸನ

ಉತ್ತರ: ಬಿಗುಮಾನದವರು ಎನ್ನಿ. ಆರಡಿ ಮೀರಿದ ಆಳು, ಯಾರನ್ನೂ ಸುಲಭಕ್ಕೆ ಹತ್ತಿರ ಬಿಟ್ಟುಕೊಳ್ಳುತ್ತಿರಲಿಲ್ಲ. ಆದರೆ 1920ರಲ್ಲಿ ಹುಟ್ಟಿದ ಈ ದೊರೆಮಗನ ದಾರಿಯನ್ನು ಬೇರೆಯವರೇ ಗೊತ್ತು ಮಾಡಿದ್ದರು. ನ್ಯೂಜಿಲೆಂಡಿನ ಒಟಾಗೋದಲ್ಲಿ ವೈದ್ಯಕೀಯ ಓದುತ್ತಿದ್ದವರನ್ನು ಹಿರಿಯರಾದ ರಾತು ಲಾಲಾ ಸುಕುನ ಅಲ್ಲಿಂದ ಬಿಡಿಸಿ ಆಕ್ಸ್‌ಫರ್ಡಿಗೆ ಕಳಿಸಿದರು. ನಾಡಿಗೆ ಬೇಕಿದ್ದದ್ದು ಆಳುವವನು. ಡಾಕ್ಟರಿಕೆ ಅಲ್ಲಿಗೇ ನಿಂತಿತು.

1950ರಲ್ಲಿ ರೋ ಲಾಲಾ ಅವರೊಂದಿಗೆ ಮದುವೆ, ಎಂಟು ಮಕ್ಕಳು. ಸಂಪ್ರದಾಯದ ಪಟ್ಟದಲ್ಲಿ ಹೆಂಡತಿಯೇ ಒಂದು ಕೈ ಮೇಲು: ಗಂಡ ಲಾವು ದ್ವೀಪಗಳ ದೊರೆ, ಹೆಂಡತಿ ಫಿಜಿ ದೊರೆಗಳ ಮೂರು ಒಕ್ಕೂಟಗಳಲ್ಲಿ ಒಂದಾದ ಬುರೆಂಬಸಂಗದ ಒಡತಿ. 2004ರ ಏಪ್ರಿಲ್‌ನಲ್ಲಿ ಗಂಡ, ಜುಲೈನಲ್ಲಿ ಹೆಂಡತಿ ತೀರಿಕೊಂಡರು.

ಹುಳುಕೂ ಇದೆ. 1987ರ ಏಪ್ರಿಲ್‌ನಲ್ಲಿ ಚುನಾವಣೆ ಸೋತಾಗ ಗೌರವದಿಂದಲೇ ಕೆಳಗಿಳಿದರು. ಮರುತಿಂಗಳು, ಭಾರತೀಯ ಮೂಲದವರ ಬೆಂಬಲದಿಂದ ಗೆದ್ದ ಹೊಸ ಸರ್ಕಾರವನ್ನು ಉರುಳಿಸಿದ ಸೇನಾದಂಗೆಯಾಯಿತು, ಅದರ ಬೆನ್ನಿಗೇ ಬಂದ ಆಡಳಿತವನ್ನು ಇವರೂ ಸೇರಿದರು. ಭಾರತೀಯ ಮೂಲದ ಅನೇಕರು ಇದನ್ನು ಕ್ಷಮಿಸಲಿಲ್ಲ, ನಾವೂ ಸಮರ್ಥಿಸುವುದಿಲ್ಲ. 2000ದಲ್ಲಿ ಅವರು ಅಧ್ಯಕ್ಷರು, ಮಗಳು ಆಂದಿ ಕೊಯ್ಲಾ ಮಂತ್ರಿ. ಮೇ 19ರಂದು ಬಂದೂಕು ಹಿಡಿದವರು ಸಂಸತ್ತಿಗೆ ನುಗ್ಗಿ ಮಂತ್ರಿಗಳನ್ನು ಒತ್ತೆಯಿಟ್ಟುಕೊಂಡರು. 29ಕ್ಕೆ ಮಾರ ಅಧಿಕಾರ ಬಿಡಬೇಕಾಯಿತು. ಮಗಳು ಆಗಿನ್ನೂ ಸಂಸತ್ತಿನ ಒಳಗೇ ಸೆರೆಯಲ್ಲಿದ್ದರು.

ಪ್ರಶ್ನೆ: ಫಿಜಿ ದೊರೆಗಳ ಸಭೆಯಲ್ಲಿ ಕುಡಿಯುವ 'ಯಂಗೋನ' ಮೆಣಸಿನ ಜಾತಿಯಂತೆ?
– ಬೆಳೆಗಾರ, ಮೂಡಿಗೆರೆ

ಉತ್ತರ: ಹೌದು. ನಿಮ್ಮ ಸಿಲ್ವರ್ ಓಕ್‌ಗೆ ಹಬ್ಬಿದ ಕಾಳುಮೆಣಸು, ವೀಳ್ಯದೆಲೆ, ಯಂಗೋನ ಮೂರೂ ಒಂದೇ ಕುಲ. ಇದು ಮಾತ್ರ ಬಳ್ಳಿಯಲ್ಲ, ಪೊದೆ. ಬಳಸುವುದು ಬೇರನ್ನು. ಒಣಬೇರು ಕುಟ್ಟಿ, ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ, 'ತಾನೋಅ' ಎಂಬ ಮರದ ಬೋಗುಣಿಯ ತಣ್ಣೀರಿನಲ್ಲಿ ಹಿಂಡುತ್ತಾರೆ. ಹೆಂಡವಲ್ಲ, ನಾಲಿಗೆ ಮರಗಟ್ಟುತ್ತದೆ. ಮೊದಲ ತೆಂಗಿನ ಚಿಪ್ಪು ದೊರೆಗೆ. ನಿಮ್ಮ ಸರದಿ ಬಂದಾಗ ಅಂಗೈ ಗುಳಿ ಮಾಡಿ ಒಂದು ಚಪ್ಪಾಳೆ ತಟ್ಟಿ, 'ಬುಲಾ' ಎಂದು, ಚಿಪ್ಪನ್ನು ಒಂದೇ ಉಸಿರಿಗೆ ಬರಿದು ಮಾಡಿ, ಮತ್ತೆ ಮೂರು ಚಪ್ಪಾಳೆ. ಹೊಸಬರು ತಪ್ಪುವುದು ಇಲ್ಲೇ: ನಮ್ಮ ಕಡೆ ಕಾಫಿ ಹೀರುವ ಹಾಗೆ ಗುಟುಕು ಗುಟುಕಾಗಿ ಹೀರುತ್ತಾ ಕೂತುಬಿಡುತ್ತಾರೆ, ಪಕ್ಕದವರು ಅದೇ ಚಿಪ್ಪಿಗೆ ಕಾಯುತ್ತಿರುತ್ತಾರೆ.