ಬಿಸಿಲೆ ಟ್ರಿಪ್‌ಗೆ ನಕ್ಷೆ ಮತ್ತು ಗುರುತುಗಳನ್ನು ಜೋಡಿಸಿಕೊಳ್ಳುವ ಬಗ್ಗೆ

ನಮಸ್ಕಾರ. ಸಕಲೇಶಪುರದ ಕಡೆಯ ಬಿಸಿಲೆ ಘಾಟಿಗೆ ಬೈಕ್ ಟ್ರಿಪ್ ಹೋಗುವ ಬಗ್ಗೆ ನೀವು ಕೇಳಿರುವುದು ಒಂದೇ ಪ್ರಶ್ನೆಯಂತೆ ಕಂಡರೂ ಅದರಲ್ಲಿ ಮೂರು ತೊಂದರೆಗಳಿವೆ. ಗಾರ್ಮಿನ್ ಕಂಪನಿಯ ನಕ್ಷೆ ತಂತ್ರಾಂಶವಾದ ಬೇಸ್‌ಕ್ಯಾಂಪ್ ಅನ್ನು ಕಂಪ್ಯೂಟರಿನಲ್ಲಿ ತೆರೆದರೆ ಸಕಲೇಶಪುರದ ಗುರುತುಗಳ (ವೇಪಾಯಿಂಟ್) ಜೊತೆ ಹಿಮಾಚಲದ ಸ್ಪಿತಿಯ ಪೆಟ್ರೋಲ್ ಬಂಕ್‌ಗಳೂ ಬಂದು ಕೂರುತ್ತವೆ, ಬೇಕಾದದ್ದು ಸಿಗುವುದಿಲ್ಲ. ಸರ್ವೇ ಆಫ್ ಇಂಡಿಯಾದ ನಾಲ್ಕು ಹಾಳೆಗಳಿಂದ ಮಾಡಿಕೊಂಡ ಕಸ್ಟಮ್ ನಕ್ಷೆ ಗಾರ್ಮಿನ್‌ನ ಕೈಜಿಪಿಎಸ್ ಸಾಧನ ಇಟ್ರೆಕ್ಸ್ 30ರಲ್ಲಿ ಅರ್ಧ ಮಾತ್ರ ಮೂಡುತ್ತದೆ. ಕಂಪ್ಯೂಟರಿನಲ್ಲಿ ಹಾಕಿದ ದಾರಿ ಬೈಕಿನ ಮೇಲೆ ಕೂತ ಮೇಲೆ ಬೇರೆಯಾಗುತ್ತದೆ. ಮೂರಕ್ಕೂ ಕಾರಣ ಬೇರೆ ಬೇರೆ, ಮೂರಕ್ಕೂ ಪರಿಹಾರವಿದೆ. ನಕ್ಷೆಯಿಂದ ಶುರು ಮಾಡುತ್ತೇನೆ, ಅದು ಬರೀ ಲೆಕ್ಕದ ವಿಷಯ.

ಇಟ್ರೆಕ್ಸ್ 30 ಒಟ್ಟು ನೂರು ತುಂಡುಗಳಷ್ಟು ಕಸ್ಟಮ್ ನಕ್ಷೆಯನ್ನು ಮಾತ್ರ ತೋರಿಸುತ್ತದೆ. ಒಂದು ತುಂಡು ಎಂದರೆ ಹೆಚ್ಚೆಂದರೆ 1024 × 1024 ಪಿಕ್ಸೆಲ್‌ನ ಒಂದು ಜೆಪೆಗ್ ಚಿತ್ರ. ಈ ಮಿತಿ ಒಂದೊಂದು ಕೆಎಂಜೆಡ್ ಕಡತಕ್ಕೆ (ಚಿತ್ರಗಳನ್ನೂ ಅವು ಕೂರುವ ಜಾಗವನ್ನೂ ಒಟ್ಟಿಗೆ ಕಟ್ಟಿಟ್ಟ ನಕ್ಷೆಯ ಕಡತ) ಪ್ರತ್ಯೇಕವಾಗಿ ಇರುವುದಲ್ಲ, ಸಾಧನದಲ್ಲಿರುವ ಎಲ್ಲ ಕಸ್ಟಮ್ ನಕ್ಷೆಗಳನ್ನೂ ಕೂಡಿಸಿದ ಮಿತಿ. ಈಗ ನಿಮ್ಮ ಹಾಳೆಗಳನ್ನು ನೋಡೋಣ. 1:50,000 ಅಳತೆಯ ಒಂದು ಹಾಳೆ 15 ಮಿನಿಟ್ ಅಕ್ಷಾಂಶ, 15 ಮಿನಿಟ್ ರೇಖಾಂಶದ ಜಾಗವನ್ನು ತೋರಿಸುತ್ತದೆ. ನಮ್ಮ ಕಡೆ ಅದು ಹೆಚ್ಚುಕಡಿಮೆ 27 ಕಿಲೋಮೀಟರ್ ಉದ್ದ, 27 ಕಿಲೋಮೀಟರ್ ಅಗಲ. ಕಾಗದದ ಮೇಲೆ ಸುಮಾರು 55 ಸೆಂಟಿಮೀಟರ್. 300 ಡಿಪಿಐನಲ್ಲಿ, ಅಂದರೆ ಅಂಗುಲಕ್ಕೆ 300 ಚುಕ್ಕೆಯಂತೆ ಸ್ಕ್ಯಾನ್ ಮಾಡಿದರೆ ಒಂದೊಂದು ಬದಿಗೆ 6,500 ಪಿಕ್ಸೆಲ್ ಆಗುತ್ತದೆ, ಅಂದರೆ ಏಳು ಸಾಲು, ಏಳು ಕಂಬ, ಒಟ್ಟು 49 ತುಂಡು. ನಾಲ್ಕು ಹಾಳೆಗೆ 196. ನೂರಕ್ಕೆ ನಿಂತರೆ ಅರ್ಧ ಮಾತ್ರ ಕಾಣುವುದು ಸಹಜ. ನಿಮ್ಮ ಸಾಧನ ಕೆಟ್ಟಿಲ್ಲ.

ನಿಮಗೆ ನಾಲ್ಕು ಹಾಳೆ ಬೇಕಾಗಿರುವುದಕ್ಕೂ ಕಾರಣವಿದೆ. ಸಕಲೇಶಪುರ 48 ಪಿ/13 ಎಂಬ ಸಂಖ್ಯೆಯ ಹಾಳೆಯಲ್ಲಿ ಬರುತ್ತದೆ, ಬಿಸಿಲೆ ಮತ್ತು ಸುಬ್ರಹ್ಮಣ್ಯ 48 ಪಿ/10ರಲ್ಲಿ. ಹೆತ್ತೂರು, ವನಗೂರು ದಾಟುವ ಆಸುಪಾಸಿನಲ್ಲೇ 9, 10, 13, 14 ಈ ನಾಲ್ಕು ಹಾಳೆಗಳ ಮೂಲೆಗಳು ಒಂದೆಡೆ ಕೂಡುತ್ತವೆ. ಪ್ರತಿ ಹಾಳೆಯಲ್ಲೂ ನಿಮಗೆ ಬೇಕಾದದ್ದು ಒಂದು ಮೂಲೆ ಮಾತ್ರ. ಆದ್ದರಿಂದ ಪೂರ್ತಿ ಹಾಳೆ ಹಾಕುವ ಆಸೆ ಬಿಡಿ. ನಾಲ್ಕನ್ನೂ ಕೂಡಿಸಿ, ಹೋಗುವ ದಾರಿಯ ಎರಡೂ ಬದಿಗೆ ನಾಲ್ಕೈದು ಕಿಲೋಮೀಟರ್ ಉಳಿಸಿಕೊಂಡು ಒಂದು ಪಟ್ಟಿಯನ್ನಷ್ಟೇ ಕತ್ತರಿಸಿ. 300 ಡಿಪಿಐನಲ್ಲೇ ಇಟ್ಟರೂ ನೂರರ ಒಳಗೆ ಆರಾಮವಾಗಿ ಮುಗಿಯುತ್ತದೆ. ಎಲ್ಲ ಹಾಳೆಗಳೂ ಪೂರ್ತಿ ಬೇಕೇ ಬೇಕು ಎನ್ನುವುದಾದರೆ 200 ಡಿಪಿಐಗೆ ಇಳಿಸಿ. ಆಗ ಒಂದು ಹಾಳೆಗೆ 25 ತುಂಡು, ನಾಲ್ಕಕ್ಕೆ ಸರಿಯಾಗಿ ನೂರು. ಒಂದು ಪಿಕ್ಸೆಲ್ ಆರು ಮೀಟರ್ ಚಿಲ್ಲರೆ ಜಾಗಕ್ಕೆ ಸಮ, ಕಾಲುದಾರಿಯ ಚುಕ್ಕೆಗೆರೆ ಇನ್ನೂ ಓದಲು ಬರುತ್ತದೆ. ಆದರೆ ಸಾಧನದಲ್ಲಿ ಬೇರೆ ಹಳೆಯ ನಕ್ಷೆ ಒಂದಿದ್ದರೂ ಮತ್ತೆ ಮಿತಿ ದಾಟುತ್ತದೆ. ಮುಗಿದ ಟ್ರಿಪ್‌ನ ಕೆಎಂಜೆಡ್‌ಗಳನ್ನು ಕಸ್ಟಮ್‌ಮ್ಯಾಪ್ಸ್ ಫೋಲ್ಡರಿನಿಂದ ತೆಗೆದು ಕಂಪ್ಯೂಟರಿನಲ್ಲಿ ಇಟ್ಟುಕೊಳ್ಳಿ.

ಚಿತ್ರ ಉಳಿಸುವಾಗ ‘ಪ್ರೊಗ್ರೆಸಿವ್’ ಜೆಪೆಗ್ ಬೇಡ, ಗಾರ್ಮಿನ್ ಅದನ್ನು ತೆರೆಯುವುದಿಲ್ಲ. ಗೂಗಲ್ ಅರ್ಥ್‌ನಲ್ಲಿ ಚಿತ್ರವನ್ನು ಕೂರಿಸುವಾಗ ‘ಡ್ರಾ ಆರ್ಡರ್’ ಎಂಬ ಸಂಖ್ಯೆ ಕೊಡಬೇಕಾಗುತ್ತದೆ. 50 ಅಥವಾ ಅದಕ್ಕಿಂತ ಹೆಚ್ಚು ಕೊಟ್ಟರೆ ನಿಮ್ಮ ಚಿತ್ರ ಬೇರೆಲ್ಲ ನಕ್ಷೆಯನ್ನೂ ಮುಚ್ಚಿ ಮೇಲೆ ಕೂರುತ್ತದೆ. 50ಕ್ಕಿಂತ ಕಡಿಮೆ ಕೊಟ್ಟರೆ ಸಾಧನದಲ್ಲಿರುವ ರಸ್ತೆ ನಕ್ಷೆಯ ಗೆರೆಗಳು ಅದರ ಮೇಲೆ ಕಾಣುತ್ತವೆ. ನನ್ನ ಆಯ್ಕೆ ಎರಡನೆಯದು. ಎರಡು ನಕ್ಷೆಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಜಗಳವಾಡುತ್ತವೆ ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ, ಮಲೆನಾಡಿನಲ್ಲಿ ಅದೇ ದೊಡ್ಡ ಮಾಹಿತಿ.

ನಕ್ಷೆ ಸರಿಯಾಗಿ ಕೂತಿದೆಯೇ ಎಂದು ಮನೆಯಲ್ಲೇ ಪರೀಕ್ಷಿಸಿ. ಸಕಲೇಶಪುರದ ಹೇಮಾವತಿ ಸೇತುವೆ ಮತ್ತು ಸುಬ್ರಹ್ಮಣ್ಯದ ಕಡೆಯ ಒಂದು ರಸ್ತೆ ಕೂಡು, ಹೀಗೆ ದೂರದ ಎರಡು ಜಾಗಗಳನ್ನು ಉಪಗ್ರಹ ಚಿತ್ರದೊಡನೆ ಹೋಲಿಸಿ. ಎರಡೂ ಕಡೆ ಒಂದೇ ದಿಕ್ಕಿಗೆ, ನೂರು ಮೀಟರಿಗಿಂತ ಹೆಚ್ಚು ಸರಿದಿದ್ದರೆ ನಿಮ್ಮ ಹಾಳೆ ಹಳೆಯದು. ಅದನ್ನು ಎವರೆಸ್ಟ್ ಡೇಟಮ್ ಮೇಲೆ ರಚಿಸಲಾಗಿದೆ (ಡೇಟಮ್ ಎಂದರೆ ಅಕ್ಷಾಂಶ, ರೇಖಾಂಶ ಅಳೆಯಲು ಇಟ್ಟುಕೊಂಡ ಆಧಾರ), ಜಿಪಿಎಸ್ ನಡೆಯುವುದು ಡಬ್ಲ್ಯುಜಿಎಸ್ 84ರ ಮೇಲೆ. 2005ರ ರಾಷ್ಟ್ರೀಯ ನಕ್ಷೆ ನೀತಿಯ ನಂತರ ಬಂದ ಓಪನ್ ಸೀರೀಸ್ ಹಾಳೆಗಳಲ್ಲಿ ಈ ತೊಂದರೆ ಇಲ್ಲ. ಒಂದು ಮೂಲೆ ಸರಿಯಾಗಿದ್ದು ಇನ್ನೊಂದು ಮೂಲೆ ಮಾತ್ರ ತಪ್ಪಿದ್ದರೆ ಅದು ಡೇಟಮ್ ದೋಷವಲ್ಲ, ಸ್ಕ್ಯಾನ್ ಎಳೆದಿದೆ ಅಥವಾ ಕಾಗದ ಸುಕ್ಕಾಗಿದೆ. ಆಗ ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಹಾಳೆಯ ಮೇಲಿನ ಐದೈದು ಮಿನಿಟಿನ ಛೇದಬಿಂದುಗಳನ್ನು ಒತ್ತಿ ಮತ್ತೆ ಕೂರಿಸಿ. ನಾಲ್ಕು ಮೂಲೆಗಳನ್ನಷ್ಟೇ ಕೊಟ್ಟರೆ ನಡುವಿನ ಸುಕ್ಕು ಹಾಗೆಯೇ ಉಳಿಯುತ್ತದೆ, ಹದಿನಾರು ಬಿಂದುಗಳನ್ನೂ ಕೊಡಿ.

ಇನ್ನು ಗುರುತುಗಳ ರಾಶಿ. ಬೇಸ್‌ಕ್ಯಾಂಪ್‌ನ ಎಡಗಡೆ ‘ಮೈ ಕಲೆಕ್ಷನ್’ ಮೇಲೆ ಒತ್ತಿ ಕೂತಿದ್ದರೆ ಎಲ್ಲವೂ ಒಟ್ಟಿಗೇ ನಕ್ಷೆಯ ಮೇಲೆ ಬರುತ್ತದೆ, ಅದರ ಕೆಲಸವೇ ಅದು. ಕೆಳಗಿರುವ ಒಂದು ಪಟ್ಟಿಯನ್ನು ಒತ್ತಿದರೆ ಆ ಪಟ್ಟಿಯಲ್ಲಿ ಇರುವುದಷ್ಟೇ ಕಾಣುತ್ತದೆ. ಒಂದೇ ಗುರುತು ಎಷ್ಟು ಪಟ್ಟಿಗಳಲ್ಲಾದರೂ ಇರಬಹುದು, ಅದು ನಕಲಲ್ಲ. ಒಂದು ಪಟ್ಟಿಯಲ್ಲಿ ಅದರ ಹೆಸರು ತಿದ್ದಿದರೆ ಎಲ್ಲ ಪಟ್ಟಿಗಳಲ್ಲೂ ತಿದ್ದಿದಂತೆ. ಇದು ಗೊತ್ತಿಲ್ಲದೆ ಹಲವರು ಪ್ರತಿ ಟ್ರಿಪ್‌ಗೂ ಅದೇ ಬಂಕ್ ಅನ್ನು ಹೊಸದಾಗಿ ಗುರುತು ಹಾಕುತ್ತಾರೆ. ಬೇಸ್‌ಕ್ಯಾಂಪ್ ಒಂದೇ ಹೆಸರು ಎರಡು ಕಡೆ ಇರಲು ಬಿಡುವುದಿಲ್ಲ, ತಾನಾಗಿ ಕೊನೆಗೆ ಒಂದು ಅಂಕಿ ಸೇರಿಸುತ್ತದೆ. ‘ಬಂಕ್ 1’, ‘ಬಂಕ್ 2’ ಎಂದು ಸಾಲುಗಟ್ಟಿರುವುದಕ್ಕೆ ಇದೇ ಕಾರಣ.

ನಾನು ಹೇಳುವ ವ್ಯವಸ್ಥೆ ಇದು. ಎರಡು ಫೋಲ್ಡರ್ ಸಾಕು. ಒಂದು ‘ಕಾಯಂ’, ಅದರೊಳಗೆ ಪ್ರದೇಶವಾರು ಪಟ್ಟಿಗಳು: ಸಕಲೇಶಪುರ, ಮೂಡಿಗೆರೆ, ಕೊಡಗು, ಸ್ಪಿತಿ. ಇನ್ನೊಂದು ‘ಟ್ರಿಪ್‌ಗಳು’, ಅದರೊಳಗೆ ಒಂದೊಂದು ಟ್ರಿಪ್‌ಗೆ ಒಂದು ಪಟ್ಟಿ, ಹೆಸರಿನ ಮೊದಲಿಗೆ ವರ್ಷ, ತಿಂಗಳು. ಟ್ರಿಪ್ ಪಟ್ಟಿಗೆ ಕಾಯಂ ಪಟ್ಟಿಯಿಂದ ಬೇಕಾದವನ್ನು ಎಳೆದು ಹಾಕಿ. ಟ್ರಿಪ್ ಮುಗಿದ ಮೇಲೆ ಹೊಸದಾಗಿ ಕಂಡದ್ದನ್ನು ಕಾಯಂ ಪಟ್ಟಿಗೆ ಸೇರಿಸಿ. ಬಂಕ್, ಊಟ, ವಸತಿ ಎಂದು ಬಗೆವಾರು ಪಟ್ಟಿ ಮಾಡಬೇಡಿ. ಆ ಕೆಲಸಕ್ಕೆ ಗುರುತಿನ ಚಿಹ್ನೆ ಮತ್ತು ‘ಕೆಟಗರಿ’ ಇವೆ, ಕೆಟಗರಿ ಹಿಡಿದು ಸೋಸಬಹುದು.

ಹೆಚ್ಚು ಗಮನ ಬೇಕಾಗಿರುವುದು ಪಟ್ಟಿಗಳಿಗಲ್ಲ, ಒಂದೊಂದು ಗುರುತಿನೊಳಗೆ ಏನು ಬರೆಯುತ್ತೀರಿ ಎಂಬುದಕ್ಕೆ. ಯಾರು ಕಂಡದ್ದು, ಯಾವಾಗ ಕಂಡದ್ದು ಎಂಬುದಿಲ್ಲದ ಗುರುತನ್ನು ನಾನು ನಂಬುವುದಿಲ್ಲ. ಉದಾಹರಣೆಗೆ ಒಂದು ಹಳ್ಳ ದಾಟುವ ಜಾಗ. ಬರೀ ‘ಹಳ್ಳ’ ಎಂದಿದ್ದರೆ ಅದರಿಂದ ಏನೂ ತಿಳಿಯುವುದಿಲ್ಲ. ಜನವರಿಯಲ್ಲಿ ಬೂಟು ನೆನೆಯದ ಹಳ್ಳ ಜುಲೈಯಲ್ಲಿ ಬೈಕನ್ನು ಉರುಳಿಸಿಕೊಂಡು ಹೋಗುತ್ತದೆ. ಆದ್ದರಿಂದ ಹೆಸರು ‘ಹಳ್ಳ ವನಗೂರು 2501’ ಎಂದಿರಲಿ, ಕೊನೆಯ ನಾಲ್ಕು ಅಂಕಿ 2025ರ ಜನವರಿ. ಟಿಪ್ಪಣಿಯಲ್ಲಿ ಹೀಗೆ: ‘ಕಲ್ಲಿನ ತಳ, ನೀರು ಮೊಣಕಾಲಿಗಿಂತ ಕೆಳಗೆ, ಎಡದಂಡೆ ಜಾರು, ಕೆಳಗಡೆ ಮರದ ಕಾಲುಸಂಕ, ಕಣ್ಣಾರೆ ಕಂಡದ್ದು.’ ಉಪಗ್ರಹ ಚಿತ್ರ ನೋಡಿ ಹಾಕಿದ್ದರೆ ‘ಚಿತ್ರದಿಂದ’ ಎಂದು, ಬೇರೆಯವರು ಕಳಿಸಿದ್ದರೆ ‘ಕೇಳಿದ್ದು’ ಎಂದು ಬರೆಯಿರಿ. ಕಂಡದ್ದಕ್ಕೆ ಹಸಿರು ಬಾವುಟ, ಚಿತ್ರದಿಂದ ಅಥವಾ ಕೇಳಿದ್ದಕ್ಕೆ ನೀಲಿ ಬಾವುಟ, ಹೋಗಬಾರದ ಜಾಗಕ್ಕೆ ಕೆಂಪು. ಇಟ್ರೆಕ್ಸ್‌ನ 2.2 ಅಂಗುಲದ ಪರದೆಯಲ್ಲಿ, ಗ್ಲೌಸ್ ಹಾಕಿಕೊಂಡು, ಬಿಸಿಲಿನಲ್ಲಿ ನೋಡುವಾಗ ಓದುವುದಕ್ಕಿಂತ ಬಣ್ಣ ಬೇಗ ತಿಳಿಯುತ್ತದೆ. ಈ ಸಾಧನದಲ್ಲಿ ಕನ್ನಡ ಅಕ್ಷರ ಮೂಡುವುದಿಲ್ಲ, ಹಾಗಾಗಿ ಹೆಸರು ಮತ್ತು ದಾರಿಯಲ್ಲಿ ಓದಬೇಕಾದ ಚುಟುಕು ಟಿಪ್ಪಣಿ ಇಂಗ್ಲಿಷ್ ಅಕ್ಷರದಲ್ಲಿರಲಿ. ಮನೆಯಲ್ಲಿ ಓದುವ ಉದ್ದದ ವಿವರ ಕನ್ನಡದಲ್ಲಿರಬಹುದು.

ಕೆಂಪು ಬಾವುಟದ ಬಗ್ಗೆ ಸ್ವಲ್ಪ ಒತ್ತಿ ಹೇಳಬೇಕು. ಬಿಸಿಲೆ ಘಾಟಿಯ ರಸ್ತೆ ಸಾರ್ವಜನಿಕ, ಅದರಲ್ಲಿ ಯಾರು ಬೇಕಾದರೂ ಹೋಗಬಹುದು. ಅದರಿಂದ ಒಳಗೆ ಕವಲೊಡೆಯುವ ಜೀಪ್ ದಾರಿಗಳು ಹಾಗಲ್ಲ. ಕೆಲವು ಮೀಸಲು ಅರಣ್ಯದೊಳಗೆ ಹೋಗುತ್ತವೆ, ಕೆಲವು ಕಾಫಿ ಎಸ್ಟೇಟ್‌ನ ಸ್ವಂತ ದಾರಿಗಳು. ದಕ್ಷಿಣಕ್ಕೆ ಪುಷ್ಪಗಿರಿ ವನ್ಯಧಾಮವೂ ಇದೆ. ವನ್ಯಧಾಮದೊಳಗೆ ಅನುಮತಿಯಿಲ್ಲದೆ ಕಾಲಿಡುವುದನ್ನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 27ನೇ ಸೆಕ್ಷನ್ ನಿರ್ಬಂಧಿಸುತ್ತದೆ. ಜನರೇ ಸೇರಿ ಕಟ್ಟುವ ಉಚಿತ ನಕ್ಷೆಯಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಇಂಥ ದಾರಿಗಳನ್ನು ಎಷ್ಟೋ ಕಡೆ ಉಪಗ್ರಹ ಚಿತ್ರ ನೋಡಿ ಗೆರೆ ಎಳೆದಿರುತ್ತಾರೆ. ಗೇಟ್ ಇದೆಯೇ, ಖಾಸಗಿಯೇ ಎಂಬ ವಿವರ ಸೇರಿಸಿರುವುದಿಲ್ಲ. ತಂತ್ರಾಂಶಕ್ಕೆ ಅದು ಹತ್ತಿರದ ದಾರಿಯಾಗಿ ಕಾಣುತ್ತದೆ, ನಿಮ್ಮನ್ನು ಅಲ್ಲಿಗೇ ಕಳಿಸುತ್ತದೆ. ಆದ್ದರಿಂದ ಹೋಗಬೇಕಾದ ಜಾಗಗಳಷ್ಟೇ ಶ್ರದ್ಧೆಯಿಂದ ಹೋಗಬಾರದ ತಿರುವುಗಳನ್ನೂ ಗುರುತಿಸಿ. ಎಸ್ಟೇಟ್ ಗೇಟ್ ಆಗಿದ್ದರೆ ಯಾರನ್ನು ಕೇಳಬೇಕು, ಕೇಳಿದಾಗ ಏನೆಂದರು ಎಂದು ಬರೆದಿಡಿ. ಈ ಭಾಗದಲ್ಲಿ ಆನೆಗಳ ಓಡಾಟ ಇದ್ದೇ ಇದೆ. ಸಂಜೆಯ ಮೇಲೆ ಒಳದಾರಿ ಹಿಡಿಯುವ ಯೋಜನೆಯನ್ನೇ ಹಾಕಬೇಡಿ.

ಹೆಚ್ಚಿನವರು ಗುರುತು ಹಾಕದೆ ಬಿಡುವ ಒಂದು ಜಾಗವಿದೆ: ಮೊಬೈಲ್ ಸಿಗ್ನಲ್ ಮತ್ತೆ ಸಿಗುವ ತಿರುವು. ಘಾಟಿಯಲ್ಲಿ ಯಾರಿಗಾದರೂ ಪೆಟ್ಟಾದರೆ ಮುಂದಕ್ಕೆ ಓಡಬೇಕೇ, ಹಿಂದಕ್ಕೆ ಓಡಬೇಕೇ ಎಂದು ಆ ಗುರುತೇ ಹೇಳುತ್ತದೆ. ಯಾವ ಕಂಪನಿಯ ಸಿಗ್ನಲ್ ಎಂಬುದನ್ನೂ ಬರೆಯಿರಿ. ವಿದೇಶದ ನೆಂಟರಿಂದ ಇನ್‌ರೀಚ್‌ನಂಥ ಉಪಗ್ರಹ ಸಂದೇಶ ಸಾಧನ ತರಿಸುವ ಯೋಚನೆ ಇದ್ದರೆ ಕೈಬಿಡಿ. ಪರವಾನಗಿ ಇಲ್ಲದೆ ಭಾರತದಲ್ಲಿ ಅದನ್ನು ಇಟ್ಟುಕೊಳ್ಳುವುದು ಕಾನೂನುಬಾಹಿರ, ವಿಮಾನ ನಿಲ್ದಾಣಗಳಲ್ಲಿ ಪ್ರವಾಸಿಗರನ್ನು ಇದಕ್ಕಾಗಿ ಹಿಡಿದದ್ದಿದೆ.

ಬೇರೆಯವರು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಅಂಕಿಗಳನ್ನು ಸೇರಿಸುವಾಗ ಅವು ಯಾವ ರೂಪದಲ್ಲಿವೆ ಎಂದು ನೋಡಿ. 13.15 ಎಂದರೆ 13 ಡಿಗ್ರಿ 9 ಮಿನಿಟ್. ಅದನ್ನೇ 13 ಡಿಗ್ರಿ 15 ಮಿನಿಟ್ ಎಂದು ತುಂಬಿದರೆ ಗುರುತು ಉತ್ತರಕ್ಕೆ 11 ಕಿಲೋಮೀಟರ್ ಹಾರುತ್ತದೆ. ನಕ್ಷೆಯ ಮೇಲೆ ಅಲ್ಲೂ ಕಾಡು, ಇಲ್ಲೂ ಕಾಡು, ಅನುಮಾನವೇ ಬರುವುದಿಲ್ಲ. ಗುಂಪಿನಲ್ಲಿ ಎಲ್ಲರೂ ದಶಮಾಂಶದ ರೂಪವೊಂದನ್ನೇ ಬಳಸುವುದು ಒಳ್ಳೆಯದು.

ಮೂರನೆಯದು, ದಾರಿ ಬದಲಾಗುವುದು. ಬೇಸ್‌ಕ್ಯಾಂಪ್‌ನ ‘ರೂಟ್’ ಎಂದರೆ ನೀವು ಕೊಟ್ಟ ಬಿಂದುಗಳು ಮಾತ್ರ. ನಡುವಿನ ದಾರಿಯನ್ನು ಸಾಧನ ತನ್ನ ನಕ್ಷೆ, ತನ್ನ ಸೆಟ್ಟಿಂಗ್ ನೋಡಿ ಮತ್ತೆ ಲೆಕ್ಕ ಹಾಕುತ್ತದೆ. ಕಂಪ್ಯೂಟರಿನಲ್ಲಿ ಒಂದು ನಕ್ಷೆ, ಸಾಧನದಲ್ಲಿ ಇನ್ನೊಂದು ಆವೃತ್ತಿ ಇದ್ದರೆ, ಅಥವಾ ಒಂದರಲ್ಲಿ ಮಣ್ಣಿನ ರಸ್ತೆ ಬೇಡ ಎಂದು ಒತ್ತಿದ್ದರೆ, ದಾರಿ ಬೇರೆಯಾಗಲೇಬೇಕು. ‘ಟ್ರ್ಯಾಕ್’ ಹಾಗಲ್ಲ, ಎಳೆದ ಗೆರೆ ಎಳೆದಂತೆಯೇ ಇರುತ್ತದೆ. ಡಾಂಬರು ರಸ್ತೆಗೆ ರೂಟ್, ಮಣ್ಣಿನ ದಾರಿಗೆ ಟ್ರ್ಯಾಕ್ ಎಂದು ಹಂಚಿಕೊಳ್ಳಿ. ರೂಟನ್ನೇ ಟ್ರ್ಯಾಕ್ ಆಗಿ ಪರಿವರ್ತಿಸುವ ಆಯ್ಕೆ ಅದರ ವಿವರದ ಕಿಟಕಿಯಲ್ಲೇ ಇದೆ. ಇಟ್ರೆಕ್ಸ್ 30ರಲ್ಲಿ ಒಂದು ಟ್ರ್ಯಾಕ್‌ಗೆ 10,000 ಬಿಂದುಗಳ ಮಿತಿ ಇದೆ, ದಿನದ ದಾರಿಗೆ ಸಾವಿರವೇ ಧಾರಾಳ. ದಿನಕ್ಕೊಂದು ಟ್ರ್ಯಾಕ್, ದಿನಕ್ಕೊಂದು ಬಣ್ಣ ಇರಲಿ.

ಸಾಧನಕ್ಕೆ ಕಳಿಸುವಾಗ ಟ್ರಿಪ್ ಪಟ್ಟಿಯನ್ನಷ್ಟೇ ಕಳಿಸಿ. 2,000 ಗುರುತು ಹಿಡಿಸುತ್ತದೆ ಎಂದು 2,000 ತುಂಬಿದರೆ ಜಾಯ್‌ಸ್ಟಿಕ್ ಒತ್ತಿ ಒತ್ತಿ ಹೆಬ್ಬೆರಳು ನೋಯುತ್ತದೆ. ಹಿಂದಿರುಗಿದ ಮೇಲೆ ಸಾಧನದ ಗಾರ್ಮಿನ್ ಫೋಲ್ಡರಿನೊಳಗಿನ ಜಿಪಿಎಕ್ಸ್ (ಗುರುತು, ದಾರಿಗಳನ್ನು ಇಡುವ ಕಡತದ ಬಗೆ) ಫೋಲ್ಡರಿನಲ್ಲಿ ತಾರೀಖು ಹೊತ್ತ ಗುರುತಿನ ಕಡತಗಳಿರುತ್ತವೆ, ದಾರಿಯಲ್ಲಿ ಒತ್ತಿದವೆಲ್ಲ ಅಲ್ಲಿ ಸೇರುತ್ತವೆ. ಅವನ್ನು ಬೇಸ್‌ಕ್ಯಾಂಪ್‌ಗೆ ತಂದು, ‘001’, ‘002’ ಎಂದಿರುವುದಕ್ಕೆ ನೆನಪು ಹಸಿಯಾಗಿರುವಾಗಲೇ ಹೆಸರು ಕೊಟ್ಟು, ಸಾಧನದಿಂದ ಅಳಿಸಿ.

ಬೇಸ್‌ಕ್ಯಾಂಪ್ ಅನ್ನು ಗಾರ್ಮಿನ್ ಈಗ ಅಭಿವೃದ್ಧಿಪಡಿಸುತ್ತಿಲ್ಲ, ಇಳಿಸಿಕೊಳ್ಳಲು ಮಾತ್ರ ಇಟ್ಟಿದೆ. ಆದ್ದರಿಂದ ಅದರ ಬ್ಯಾಕಪ್ ಒಂದನ್ನೇ ನೆಚ್ಚಿಕೊಳ್ಳಬೇಡಿ. ಪ್ರತಿ ಪಟ್ಟಿಯನ್ನೂ ಪಟ್ಟಿಯ ಹೆಸರಿನಲ್ಲೇ ಜಿಪಿಎಕ್ಸ್ ಆಗಿ ಹೊರತೆಗೆದು ಬೇರೆ ಕಡೆ ಇಡಿ. ಜಿಪಿಎಕ್ಸ್‌ನಲ್ಲಿ ಫೋಲ್ಡರುಗಳ ಜೋಡಣೆ ಉಳಿಯುವುದಿಲ್ಲ, ಕಡತದ ಹೆಸರೇ ನಿಮಗೆ ದಾರಿ ತೋರಿಸಬೇಕು. ಅದೇ ಕಡತವನ್ನು ಫೋನಿನ ಓಎಸ್‌ಎಂಆ್ಯಂಡ್ ಎಂಬ ನಕ್ಷೆಯ ಆ್ಯಪ್‌ನಲ್ಲೂ ತೆರೆಯಬಹುದು, ಇಟ್ರೆಕ್ಸ್ ಕೈಕೊಟ್ಟರೆ ಜೇಬಿನಲ್ಲಿ ಇನ್ನೊಂದು ಇರುತ್ತದೆ.

ಟ್ರ್ಯಾಕ್ ಅನ್ನು ಗುಂಪಿನಲ್ಲಿ ಹಂಚುವ ಮುನ್ನ ಮನೆಯಿಂದ ಹೊರಟ ಮೊದಲ ಕಿಲೋಮೀಟರುಗಳನ್ನು ಕತ್ತರಿಸಿ. ಎಸ್ಟೇಟಿನವರು ನಿಮ್ಮ ಮೇಲಿನ ವಿಶ್ವಾಸದಿಂದ ಬಿಟ್ಟ ದಾರಿ ಇದ್ದರೆ ಅದನ್ನೂ ತೆಗೆದುಬಿಡಿ. ಅವರು ಗೇಟ್ ತೆರೆದದ್ದು ನಿಮಗೆ, ಆ ಕಡತ ಸಿಕ್ಕವರಿಗೆಲ್ಲ ಅಲ್ಲ.

ಮೊದಲು ನಕ್ಷೆ ಕತ್ತರಿಸುವ ಕೆಲಸ ಮುಗಿಸಿ. ನಾಲ್ಕು ಹಾಳೆಗಳು ಕೂಡುವ ಮೂಲೆಯಲ್ಲಿ ರಸ್ತೆಯ ಗೆರೆ ಒಂದಕ್ಕೊಂದು ಕೂಡದಿದ್ದರೆ ಆ ಭಾಗದ ಪರದೆಯ ಚಿತ್ರ ಇಲ್ಲಿ ಹಾಕಿ, ಡೇಟಮ್ ದೋಷವೋ ಸ್ಕ್ಯಾನ್ ದೋಷವೋ ನೋಡಿ ಹೇಳುತ್ತೇನೆ.