ಒಂದು ವಿಶ್ವವಿದ್ಯಾಲಯ, ನೂರಾರು ವಿಷಯ: ಸಂಶೋಧನೆಯ ವಿಸ್ತಾರವನ್ನು ಅರಿಯುವುದು ಹೇಗೆ?

ಪ್ರಶ್ನೆ: ವಿಶ್ವವಿದ್ಯಾಲಯವೊಂದರ ವಾರ್ಷಿಕ ವರದಿಯನ್ನು ಓದುತ್ತಿದ್ದೆ. ಒಂದೇ ವರ್ಷದಲ್ಲಿ ಸಾವಿರಾರು ಸಂಶೋಧನಾ ಪ್ರಬಂಧಗಳು ಪ್ರಕಟವಾಗಿವೆ ಎಂದು ಅದರಲ್ಲಿತ್ತು. ದೂರದ ನಕ್ಷತ್ರಗಳು, ಗೆದ್ದಲಿನ ಕರುಳಿನ ಸೂಕ್ಷ್ಮಜೀವಿಗಳು, ಕಾಂಕ್ರೀಟಿನ ಬಿರುಕು, ಅವಿಭಾಜ್ಯ ಸಂಖ್ಯೆಗಳು, ಮಧುಮೇಹ ಹೀಗೆ ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳು. ಒಂದೇ ಸಂಸ್ಥೆ ಇಷ್ಟನ್ನೂ ನಿಜವಾಗಿ ಮಾಡಬಲ್ಲುದೇ? ಕೆಲವೇ ವಿಷಯಗಳನ್ನು ಆರಿಸಿಕೊಂಡು ಆಳಕ್ಕೆ ಹೋದರೆ ಮೇಲಲ್ಲವೇ?

ಉತ್ತರ: ಮಾಡಬಲ್ಲುದು. ಆದರೆ ಅದನ್ನು ಮಾಡುವವರು ಯಾರು ಎಂಬುದನ್ನು ಮೊದಲು ತಿಳಿಯಬೇಕು. ಸಂಶೋಧನೆಯ ವಿಷಯಗಳನ್ನು ವಿಶ್ವವಿದ್ಯಾಲಯದ ಆಡಳಿತ ಕುಳಿತು ಹಂಚಿಕೊಡುವುದು ಅಪರೂಪ. ಒಬ್ಬ ಪ್ರಾಧ್ಯಾಪಕರು, ಅವರೊಡನೆ ಪಿಎಚ್.ಡಿ. ಮುಗಿಸಿದ ಒಬ್ಬಿಬ್ಬರು, ಪಿಎಚ್.ಡಿ. ಮಾಡುತ್ತಿರುವ ಕೆಲವು ವಿದ್ಯಾರ್ಥಿಗಳು ಸೇರಿದ ಸಣ್ಣ ಗುಂಪು ತನ್ನ ಪ್ರಶ್ನೆಯನ್ನು ತಾನೇ ಆರಿಸಿಕೊಳ್ಳುತ್ತದೆ, ಅನುದಾನಕ್ಕೆ ಅರ್ಜಿ ಹಾಕುತ್ತದೆ, ಸಿಕ್ಕ ಹಣದಲ್ಲಿ ಕೆಲಸ ನಡೆಸಿ ಫಲಿತಾಂಶವನ್ನು ಪ್ರಕಟಿಸುತ್ತದೆ. ಕಟ್ಟಡ, ಗ್ರಂಥಾಲಯ, ಸಂಬಳ, ಪದವಿ ಇವು ವಿಶ್ವವಿದ್ಯಾಲಯದ ಪಾಲು. ದೊಡ್ಡ ವಿಶ್ವವಿದ್ಯಾಲಯದಲ್ಲಿ ಇಂಥ ನೂರಾರು ಗುಂಪುಗಳಿರುತ್ತವೆ. ನೀವು ವರದಿಯಲ್ಲಿ ಕಂಡ ವಿಸ್ತಾರ ಆ ಗುಂಪುಗಳ ಒಟ್ಟು ಮೊತ್ತ.

ಈ ವ್ಯವಸ್ಥೆ ಬೆಳೆದದ್ದು ಬೋಧನೆಯ ಒಡಲಲ್ಲಿ. ಪಾಠ ಹೇಳುವವರೇ ಹೊಸ ಜ್ಞಾನವನ್ನೂ ಹುಡುಕಬೇಕು ಎಂಬ ಆದರ್ಶ 1810ರಲ್ಲಿ ಆರಂಭವಾದ ಬರ್ಲಿನ್ ವಿಶ್ವವಿದ್ಯಾಲಯದ ಹೆಸರಿನೊಂದಿಗೆ ಬೆಸೆದುಕೊಂಡಿದೆ. 1824ರಲ್ಲಿ ಗೀಸೆನ್ ವಿಶ್ವವಿದ್ಯಾಲಯಕ್ಕೆ ಬಂದ ರಸಾಯನ ವಿಜ್ಞಾನಿ ಯುಸ್ಟುಸ್ ಲೀಬಿಗ್ ಅಲ್ಲಿ ಕಟ್ಟಿದ ಪ್ರಯೋಗಾಲಯದಲ್ಲಿ ವಿದ್ಯಾರ್ಥಿಗಳು ಸ್ವತಃ ಸಂಶೋಧನೆ ಮಾಡುತ್ತಲೇ ರಸಾಯನ ವಿಜ್ಞಾನವನ್ನು ಕಲಿತರು; ಆ ಮಾದರಿ ಬೇರೆ ದೇಶಗಳಿಗೂ ಹರಡಿತು. ಹೀಗಾಗಿ ಯಾವ ಯಾವ ವಿಷಯಗಳನ್ನು ಕಲಿಸಬೇಕೋ ಆ ಎಲ್ಲ ವಿಷಯಗಳಲ್ಲೂ ಸಂಶೋಧನೆ ನಡೆಯುವುದು ವಿಶ್ವವಿದ್ಯಾಲಯದ ಸಹಜ ಸ್ವರೂಪವಾಯಿತು. ಕೆಲವೇ ವಿಷಯಗಳಿಗೆ ಮೀಸಲಾದ ಸಂಶೋಧನಾ ಸಂಸ್ಥೆಗಳು ಬೇರೆ ಇವೆ, ಅವುಗಳ ಕೆಲಸವೂ ಅಗತ್ಯವಾದದ್ದೇ. ಆದರೆ ಒಂದು ಶಾಸ್ತ್ರದಲ್ಲಿ ಸಂಶೋಧನೆಯನ್ನು ಕೈಬಿಟ್ಟ ವಿಶ್ವವಿದ್ಯಾಲಯ ಆ ಶಾಸ್ತ್ರದ ಒಳ್ಳೆಯ ಬೋಧನೆಯನ್ನು ಬಹುಕಾಲ ಉಳಿಸಿಕೊಳ್ಳಲಾರದು ಎಂಬುದು ನನ್ನ ದೃಢವಾದ ಅಭಿಪ್ರಾಯ.

ವಿಸ್ತಾರದಿಂದ ಆಗುವ ಲಾಭಕ್ಕೆ ಇನ್ಸುಲಿನ್ನಿನ ಇತಿಹಾಸಕ್ಕಿಂತ ಸ್ಪಷ್ಟವಾದ ನಿದರ್ಶನ ನನಗೆ ಗೊತ್ತಿಲ್ಲ. ಮೇದೋಜ್ಜೀರಕ ಗ್ರಂಥಿಯ ಸ್ರಾವವನ್ನು ಬೇರ್ಪಡಿಸುವ ಯೋಚನೆಯನ್ನು ಹೊತ್ತು 1921ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯಕ್ಕೆ ಬಂದ ಫ್ರೆಡರಿಕ್ ಬ್ಯಾಂಟಿಂಗ್ ಒಬ್ಬ ಶಸ್ತ್ರವೈದ್ಯ. ಪ್ರಯೋಗಾಲಯವನ್ನು ಕೊಟ್ಟವರು ಶರೀರಕ್ರಿಯಾ ವಿಜ್ಞಾನದ ಪ್ರಾಧ್ಯಾಪಕ ಜಾನ್ ಮ್ಯಾಕ್ಲಿಯಾಡ್, ಜೊತೆಗಿದ್ದ ಚಾರ್ಲ್ಸ್ ಬೆಸ್ಟ್ ಇನ್ನೂ ಎಳೆಯ ವಿದ್ಯಾರ್ಥಿ. ಅವರು ತೆಗೆದ ಸಾರವನ್ನು 1922ರ ಜನವರಿ 11ರಂದು ಟೊರಾಂಟೊದ ಆಸ್ಪತ್ರೆಯಲ್ಲಿದ್ದ ಮಧುಮೇಹದ 14 ವರ್ಷದ ಹುಡುಗನಿಗೆ ಚುಚ್ಚಿದಾಗ ಫಲ ಸಿಕ್ಕಲಿಲ್ಲ, ಸಾರದಲ್ಲಿ ಕಲ್ಮಶವಿತ್ತು. ಅದನ್ನು ಶುದ್ಧಗೊಳಿಸುವ ದಾರಿಯನ್ನು ಕಂಡುಹಿಡಿದವರು ಆಗ ಅಲ್ಲಿದ್ದ ಜೀವರಸಾಯನ ವಿಜ್ಞಾನಿ ಜೇಮ್ಸ್ ಕಾಲಿಪ್. ಹನ್ನೆರಡೇ ದಿನಗಳ ಬಳಿಕ, ಜನವರಿ 23ರಿಂದ, ಶುದ್ಧವಾದ ಸಾರವನ್ನು ಕೊಟ್ಟಾಗ ಹುಡುಗ ಚೇತರಿಸಿಕೊಳ್ಳತೊಡಗಿದ. ಶಸ್ತ್ರಚಿಕಿತ್ಸೆ, ಶರೀರಕ್ರಿಯಾ ವಿಜ್ಞಾನ, ಜೀವರಸಾಯನ ವಿಜ್ಞಾನ, ಆಸ್ಪತ್ರೆ ಈ ನಾಲ್ಕೂ ನಡೆದು ತಲುಪುವಷ್ಟು ಹತ್ತಿರದಲ್ಲಿದ್ದುದರಿಂದಲೇ ತಿಂಗಳುಗಟ್ಟಲೆ ಹಿಡಿಯಬಹುದಾಗಿದ್ದ ತಿದ್ದುಪಡಿ ಎರಡು ವಾರದೊಳಗೆ ಆಯಿತು. ಇನ್ಸುಲಿನ್ನಿನ ಪೇಟೆಂಟನ್ನು ಸಂಶೋಧಕರು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಬಿಟ್ಟುಕೊಟ್ಟರು ಎಂಬುದನ್ನೂ ಇಲ್ಲಿ ಗೌರವದಿಂದ ನೆನೆಯಬೇಕು.

ಇನ್ನು ‘ಸಾವಿರಾರು’ ಎಂಬ ಸಂಖ್ಯೆಯ ವಿಚಾರ. ಬೇರೆ ಬೇರೆ ಶಾಸ್ತ್ರಗಳ ಪ್ರಬಂಧಗಳನ್ನು ಕೂಡಿಸಿ ಒಂದು ಮೊತ್ತವನ್ನು ಕೊಡುವ ಪದ್ಧತಿಯನ್ನು ನಾನು ಒಪ್ಪುವುದಿಲ್ಲ. 2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಮೂಲಕಣದ ದ್ರವ್ಯರಾಶಿಯನ್ನು ನಿಖರವಾಗಿ ಅಳೆದು ಪ್ರಕಟಿಸಿದ ಪ್ರಬಂಧಕ್ಕೆ 5154 ಲೇಖಕರಿದ್ದರು. ಅದರ 33 ಪುಟಗಳಲ್ಲಿ 24 ಪುಟಗಳು ಲೇಖಕರ ಹೆಸರು ಮತ್ತು ಸಂಸ್ಥೆಗಳಿಗೇ ಬೇಕಾದವು. ಅವರು ದುಡಿಯುವ ನೂರಾರು ಸಂಸ್ಥೆಗಳಲ್ಲಿ ಪ್ರತಿಯೊಂದೂ ಅದನ್ನು ತನ್ನ ಪ್ರಬಂಧವೆಂದು ನ್ಯಾಯವಾಗಿಯೇ ಎಣಿಸಬಹುದು. ಇದಕ್ಕೆ ಎದುರಾಗಿ, ಪರಸ್ಪರ ಅಂತರ 7 ಕೋಟಿಗಿಂತ ಕಡಿಮೆ ಇರುವ ಅವಿಭಾಜ್ಯ ಸಂಖ್ಯೆಗಳ ಜೋಡಿಗಳು ಅನಂತವಾಗಿವೆ ಎಂದು 2013ರಲ್ಲಿ ಸಾಧಿಸಿದ ಯಿಟಾಂಗ್ ಝಾಂಗ್, ನ್ಯೂ ಹ್ಯಾಂಪ್‌ಶೈರ್ ವಿಶ್ವವಿದ್ಯಾಲಯದಲ್ಲಿ ಒಬ್ಬರೇ ಕುಳಿತು ದುಡಿದವರು. ಅದಕ್ಕೆ ಮುನ್ನ ಅವರು ಪ್ರಕಟಿಸಿದ್ದು ತೀರ ಕಡಿಮೆ. ವಾರ್ಷಿಕ ವರದಿಯ ಲೆಕ್ಕದಲ್ಲಿ ಈ ಎರಡು ಕೆಲಸಗಳೂ ‘ಒಂದು’ ಮಾತ್ರ.

ಕಾಲದ ಅಳತೆಯೂ ಶಾಸ್ತ್ರದಿಂದ ಶಾಸ್ತ್ರಕ್ಕೆ ಬೇರೆ. ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಥಾಮಸ್ ಪಾರ್ನೆಲ್ 1927ರಲ್ಲಿ ಆರಂಭಿಸಿದ ಪ್ರಯೋಗವೊಂದು ಇಂದಿಗೂ ನಡೆಯುತ್ತಿದೆ. ಡಾಂಬರಿನಂಥ ಕಪ್ಪು ವಸ್ತುವನ್ನು ಕಾಯಿಸಿ ಆಲಿಕೆಗೆ ಸುರಿದು, ಗಟ್ಟಿಯಾದ ಮೇಲೆ ಆಲಿಕೆಯ ತುದಿಯನ್ನು ಕತ್ತರಿಸಿ, ಅದು ತೊಟ್ಟಿಕ್ಕುವುದನ್ನು ಕಾಯುವುದಷ್ಟೇ ಅಲ್ಲಿಯ ಕೆಲಸ. ಒಂಬತ್ತನೆಯ ಹನಿ ಬಿದ್ದದ್ದು 2014ರಲ್ಲಿ. ಸುತ್ತಿಗೆಯಿಂದ ಒಡೆದರೆ ಚೂರಾಗುವ ವಸ್ತುವೂ ದ್ರವದಂತೆ ಹರಿಯುತ್ತದೆ ಎಂಬುದನ್ನು ತೋರಿಸುವ ಈ ಕೆಲಸದಿಂದ ವರ್ಷಕ್ಕೊಂದು ಪ್ರಬಂಧವನ್ನು ಯಾರೂ ನಿರೀಕ್ಷಿಸಲಾರರು.

ಪ್ರಶ್ನೆ: ಯಾವ ಉಪಯೋಗವೂ ಕಾಣದ ಸಂಶೋಧನೆಗೆ ಸಾರ್ವಜನಿಕರ ಹಣವನ್ನು ಏಕೆ ಕೊಡಬೇಕು?

ಉತ್ತರ: ಈ ಪ್ರಶ್ನೆಯನ್ನು ಕೇಳುವ ಹಕ್ಕು ತೆರಿಗೆ ಕಟ್ಟುವ ಪ್ರತಿಯೊಬ್ಬರಿಗೂ ಇದೆ, ವಿಜ್ಞಾನಿಗಳು ಅದಕ್ಕೆ ಬೇಸರಿಸದೆ ಉತ್ತರಿಸಬೇಕು. 1966ರಲ್ಲಿ ಇಂಡಿಯಾನಾ ವಿಶ್ವವಿದ್ಯಾಲಯದ ಥಾಮಸ್ ಬ್ರಾಕ್ ಮತ್ತು ಅವರ ವಿದ್ಯಾರ್ಥಿ ಹಡ್ಸನ್ ಫ್ರೀಜ್, ಯೆಲ್ಲೋಸ್ಟೋನ್ ರಾಷ್ಟ್ರೀಯ ಉದ್ಯಾನದ ಬಿಸಿನೀರಿನ ಬುಗ್ಗೆಯಿಂದ ಒಂದು ಬ್ಯಾಕ್ಟೀರಿಯಾವನ್ನು ಬೇರ್ಪಡಿಸಿದರು. ಥರ್ಮಸ್ ಅಕ್ವಾಟಿಕಸ್ ಎಂಬ ಆ ಜೀವಿ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಚೆನ್ನಾಗಿ ಬೆಳೆಯುತ್ತಿತ್ತು. ಅಷ್ಟು ಬಿಸಿಯಲ್ಲಿ ಜೀವ ಹೇಗೆ ಉಳಿಯುತ್ತದೆ ಎಂಬ ಕುತೂಹಲವೇ ಅವರನ್ನು ಅಲ್ಲಿಗೆ ಕರೆದೊಯ್ದದ್ದು. 1976ರಲ್ಲಿ ಸಿನ್ಸಿನಾಟಿ ವಿಶ್ವವಿದ್ಯಾಲಯದವರು ಅದೇ ಜೀವಿಯಿಂದ ಡಿಎನ್‌ಎ ಎಳೆಯನ್ನು ಕಟ್ಟುವ ಕಿಣ್ವವನ್ನು ಬೇರ್ಪಡಿಸಿ ವರದಿ ಮಾಡಿದರು. 1983ರಲ್ಲಿ ಕ್ಯಾರಿ ಮಲ್ಲಿಸ್ ಒಂದು ಖಾಸಗಿ ಕಂಪನಿಯಲ್ಲಿದ್ದಾಗ, ಡಿಎನ್‌ಎಯನ್ನು ಪದೇ ಪದೇ ಬಿಸಿಮಾಡಿ ತಣಿಸಿ ಅದರ ಅಸಂಖ್ಯ ಪ್ರತಿಗಳನ್ನು ಪಡೆಯುವ ಪಿಸಿಆರ್ ವಿಧಾನವನ್ನು ರೂಪಿಸಿದರು. ಆರಂಭದಲ್ಲಿ ಬಳಸಿದ ಕಿಣ್ವ ಪ್ರತಿ ಸಲ ಬಿಸಿಮಾಡಿದಾಗಲೂ ನಾಶವಾಗುತ್ತಿತ್ತು, ಸುತ್ತು ಸುತ್ತಿಗೂ ಹೊಸದಾಗಿ ಹಾಕಬೇಕಿತ್ತು. ಬಿಸಿನೀರಿನ ಬುಗ್ಗೆಯ ಕಿಣ್ವ ಆ ಶಾಖವನ್ನು ತಾಳಿಕೊಂಡಿತು. ರೋಗಪತ್ತೆಯಿಂದ ಅಪರಾಧ ತನಿಖೆಯವರೆಗೆ ಇಂದು ಅದಿಲ್ಲದ ಡಿಎನ್‌ಎ ಪರೀಕ್ಷೆಯನ್ನು ಊಹಿಸುವುದು ಕಷ್ಟ.

ಕುತೂಹಲದ ಸಂಶೋಧನೆಯೆಲ್ಲ ಹೀಗೆ ಫಲ ಕೊಡುತ್ತದೆ ಎಂದು ನಾನು ಹೇಳಲಾರೆ, ಬಹುಪಾಲು ಕೊಡುವುದಿಲ್ಲ. ಯಾವುದು ಕೊಡುತ್ತದೆಂದು 1966ರಲ್ಲಿ ಯಾರಿಗೂ ಹೇಳಲು ಸಾಧ್ಯವಿರಲಿಲ್ಲ ಎಂಬುದೇ ಮುಖ್ಯ. ಹಾಗಾಗಿ ಹಣ ಕೊಡುವವರು ಕೇಳಬೇಕಾದದ್ದು ಪ್ರಶ್ನೆ ಗಟ್ಟಿಯಾಗಿದೆಯೇ, ವಿಧಾನ ಸರಿಯಾಗಿದೆಯೇ, ಫಲಿತಾಂಶ ಎಲ್ಲರಿಗೂ ಸಿಗುವಂತೆ ಪ್ರಕಟವಾಗುತ್ತದೆಯೇ ಎಂಬುದನ್ನು.

ಪ್ರಶ್ನೆ: ಪಿಎಚ್.ಡಿ.ಗೆ ಸೇರಬೇಕೆಂದಿದ್ದೇನೆ. ವಿಶ್ವವಿದ್ಯಾಲಯದ ಪ್ರಕಟಣೆಗಳ ಪಟ್ಟಿಯನ್ನು ಹೇಗೆ ಓದಬೇಕು?

ಉತ್ತರ: ವಿಶ್ವವಿದ್ಯಾಲಯದ ಪಟ್ಟಿಯನ್ನು ಬದಿಗಿಟ್ಟು ನೀವು ಸೇರಲಿರುವ ಗುಂಪಿನ ಪಟ್ಟಿಯನ್ನು ಓದಿ. ಆ ಶಾಸ್ತ್ರದ ರೂಢಿ ತಿಳಿದಿರಲಿ: ಗಣಿತದಲ್ಲಿ ಲೇಖಕರ ಹೆಸರುಗಳು ಸಾಮಾನ್ಯವಾಗಿ ಅಕ್ಷರಾನುಕ್ರಮದಲ್ಲಿರುತ್ತವೆ; ಜೀವವಿಜ್ಞಾನದಲ್ಲಿ ಮೊದಲ ಹೆಸರು ಮುಖ್ಯವಾಗಿ ದುಡಿದವರದ್ದು, ಕೊನೆಯದು ಗುಂಪಿನ ಮುಖ್ಯಸ್ಥರದ್ದು; ಕಂಪ್ಯೂಟರ್ ವಿಜ್ಞಾನದಲ್ಲಿ ಸಮ್ಮೇಳನದ ಪ್ರಬಂಧಕ್ಕೂ ದೊಡ್ಡ ಬೆಲೆಯಿದೆ. ಜೀವವಿಜ್ಞಾನದ ಗುಂಪಾದರೆ, ವಿದ್ಯಾರ್ಥಿಗಳು ಮೊದಲ ಲೇಖಕರಾಗಿದ್ದಾರೆಯೇ ಎಂದು ನೋಡಿದರೆ ಅಲ್ಲಿಯ ಮಾರ್ಗದರ್ಶನದ ಗುಣ ಬಹುಮಟ್ಟಿಗೆ ತಿಳಿಯುತ್ತದೆ.

2005ರಲ್ಲಿ ಭೌತವಿಜ್ಞಾನಿ ಹೋರ್ಹೆ ಹಿರ್ಶ್ ಸೂಚಿಸಿದ ಎಚ್-ಸೂಚ್ಯಂಕವನ್ನು ಬಹಳ ಮಂದಿ ತೋರಿಸುತ್ತಾರೆ. ಸೂಚ್ಯಂಕ 20 ಎಂದರೆ, ತಲಾ 20 ಸಲವಾದರೂ ಇತರರು ಉಲ್ಲೇಖಿಸಿದ 20 ಪ್ರಬಂಧಗಳು ಆ ವ್ಯಕ್ತಿಗೆ ಇವೆ ಎಂದು. ಬೇರೆ ಬೇರೆ ಶಾಸ್ತ್ರದವರನ್ನು ಇದರಿಂದ ಹೋಲಿಸಲಾಗದು, ಹೊಸಬರ ಯೋಗ್ಯತೆಯೂ ಇದರಲ್ಲಿ ಕಾಣುವುದಿಲ್ಲ. ಪ್ರಕಟವಾದದ್ದೆಲ್ಲ ಸ್ಥಿರವೂ ಅಲ್ಲ. ಮನಶ್ಶಾಸ್ತ್ರದ 100 ಅಧ್ಯಯನಗಳನ್ನು ಮತ್ತೆ ನಡೆಸಿ 2015ರಲ್ಲಿ ವರದಿ ಮಾಡಿದಾಗ, ಮೂಲದಲ್ಲಿ ಶೇ 97ರಷ್ಟು ಅಧ್ಯಯನಗಳು ಸಂಖ್ಯಾಶಾಸ್ತ್ರದ ಪ್ರಕಾರ ಗಣನೀಯ ಪರಿಣಾಮವನ್ನು ಕಂಡಿದ್ದರೆ ಮರುಪ್ರಯೋಗದಲ್ಲಿ ಹಾಗೆ ಕಂಡದ್ದು ಶೇ 36ರಷ್ಟು ಮಾತ್ರ. ಆದ್ದರಿಂದ ಆ ಗುಂಪು ತನ್ನ ದತ್ತಾಂಶವನ್ನು ಬಹಿರಂಗವಾಗಿ ಇಡುತ್ತದೆಯೇ, ಅದರ ಫಲಿತಾಂಶವನ್ನು ಬೇರೆಯವರು ಮತ್ತೆ ಪಡೆದಿದ್ದಾರೆಯೇ ಎಂದು ವಿಚಾರಿಸಿ. ಅಲ್ಲಿ ಈಗ ಓದುತ್ತಿರುವ ವಿದ್ಯಾರ್ಥಿಗಳೊಡನೆ, ಮುಖ್ಯಸ್ಥರು ಇಲ್ಲದ ಹೊತ್ತಿನಲ್ಲಿ, ಸಾವಧಾನವಾಗಿ ಮಾತನಾಡಿದ ಮೇಲೆಯೇ ಅರ್ಜಿ ಹಾಕಿ.