ಸಂಪಾದಕರ ಉತ್ತರ: ಮೊಬೈಲ್ ಒಂದನ್ನೇ ಬೈದರೆ ಸಾಲದು

ಸೇಡಂನ ನಿವೃತ್ತ ಮಾಸ್ತರರೊಬ್ಬರು ಬರೆದಿದ್ದಾರೆ: ‘ಚುನಾವಣೆ ಮುಗಿದರೂ ನಮ್ಮ ಓಣಿಯಲ್ಲಿ ಒಂದು ಪಕ್ಷದವರ ಮನೆಯ ಮದುವೆಗೆ ಇನ್ನೊಂದು ಪಕ್ಷದವರು ಹೋಗುತ್ತಿಲ್ಲ. ಎಲ್ಲಕ್ಕೂ ಈ ಮೊಬೈಲೇ ಕಾರಣ. ಮುಂದುವರಿದ ದೇಶಗಳ ತಿಳಿವಳಿಕೆ ನಮಗೆ ಯಾವಾಗ ಬರುತ್ತದೆ?’

ಮಾಸ್ತರರೇ, ಮದುವೆಯ ಮಾತೆತ್ತಿದಿರಿ, ಚೆನ್ನಾಯಿತು. ಅಮೆರಿಕದ ಸಮೀಕ್ಷೆಗಳಲ್ಲಿ ಅದನ್ನೇ ಕೇಳಿದ್ದಾರೆ: ನಿಮ್ಮ ಮಕ್ಕಳು ಎದುರು ಪಕ್ಷದವರನ್ನು ಮದುವೆಯಾದರೆ ಬೇಸರವೇ? 1960ರ ಸುಮಾರಿಗೆ ಬೇಸರವೆಂದವರು ನೂರಕ್ಕೆ 4–5 ಮಂದಿ. 2010ರಲ್ಲಿ ರಿಪಬ್ಲಿಕನ್ನರಲ್ಲಿ ಅರ್ಧದಷ್ಟು, ಡೆಮಾಕ್ರಟರಲ್ಲಿ ಮೂರನೆಯ ಒಂದು ಪಾಲು. ಆ ತಿಳಿವಳಿಕೆ ನಮಗೆ ಬಾರದಿರಲಿ!

ಮೊಬೈಲ್ ನಿರ್ದೋಷಿಯಲ್ಲ, ಒಪ್ಪಿದೆ. ನಡುರಾತ್ರಿಯ ಫಾರ್ವರ್ಡ್ ಸಂದೇಶಗಳ ಕಾಟ ನನಗೂ ಇದೆ. ಆದರೆ ಬಾಕ್ಸೆಲ್, ಗೆಂಟ್ಸ್‌ಕೋ, ಶಪಿರೊ ಎಂಬ ಅರ್ಥಶಾಸ್ತ್ರಜ್ಞರು 12 ದೇಶಗಳ ನಾಲ್ಕು ದಶಕಗಳ ಸಮೀಕ್ಷೆಗಳನ್ನು ಹೋಲಿಸಿ ನೋಡಿದ್ದಾರೆ. ಎದುರು ಪಕ್ಷದವರ ಮೇಲಿನ ಹಗೆ ಎಲ್ಲರಿಗಿಂತ ವೇಗವಾಗಿ ಬೆಳೆದದ್ದು ಅಮೆರಿಕದಲ್ಲಿ. ಜರ್ಮನಿ, ಸ್ವೀಡನ್, ನಾರ್ವೆಗಳಲ್ಲಿ ಅದು ಇಳಿದಿದೆ. ಅಲ್ಲಿಯವರ ಕೈಯಲ್ಲಿ ಮೊಬೈಲ್ ಇಲ್ಲವೇ?

ಸಂಶೋಧಕರು ಹಲವು ಕಾರಣಗಳನ್ನು ಪರಿಶೀಲಿಸುತ್ತಾರೆ. ನಾನು ಒಂದನ್ನು ಗಟ್ಟಿಯಾಗಿ ಹಿಡಿದಿದ್ದೇನೆ. ಸ್ವೀಡನ್, ಜರ್ಮನಿಗಳಲ್ಲಿ ಸಾರ್ವಜನಿಕ ಹಣದ ರೇಡಿಯೊ, ಟಿ.ವಿ. ಇನ್ನೂ ಬಲವಾಗಿವೆ. ಪಕ್ಷ ಬೇರೆಯಾದರೂ ವಾರ್ತೆ ಒಂದೇ. ಅಮೆರಿಕದಲ್ಲಿ, ವಿವಾದದ ವಿಷಯಗಳಲ್ಲಿ ಎರಡೂ ಬದಿಯ ಮಾತಿಗೆ ಜಾಗ ಕೊಡಬೇಕೆಂಬ ಪ್ರಸಾರ ನಿಯಮ 1987ರಲ್ಲಿ ರದ್ದಾಯಿತು. 1996ರಲ್ಲಿ ರಿಪಬ್ಲಿಕನ್ನರ ಕಡೆ ವಾಲುವ ಕೇಬಲ್ ಸುದ್ದಿವಾಹಿನಿ ಫಾಕ್ಸ್ ನ್ಯೂಸ್ ಹುಟ್ಟಿತು. ಆ ನಿಯಮ ಕೇಬಲ್ ವಾಹಿನಿಗೆ ಅನ್ವಯಿಸುತ್ತಲೇ ಇರಲಿಲ್ಲವೆಂದು ಬಲ್ಲವರು ತಕರಾರು ತೆಗೆಯುತ್ತಾರೆ. ತೆಗೆಯಲಿ. ಮನೆಗೊಂದು ವಾರ್ತೆಯಾದದ್ದಂತೂ ಸುಳ್ಳಲ್ಲ.

ನಮ್ಮ ಕಡೆ ಆ ಸಮಾನ ವಾರ್ತೆಯನ್ನು ಕೊಡುತ್ತಿದ್ದದ್ದು ವಾಚನಾಲಯ. ಒಂದೇ ಪತ್ರಿಕೆಯ ಹಾಳೆಗಳನ್ನು ಬಿಡಿಸಿ ನಾಲ್ವರು ಹಂಚಿಕೊಂಡು ಓದುತ್ತಿದ್ದರು. ತೊಗರಿ ಬೆಲೆಯ ಸುದ್ದಿ ಎಲ್ಲರಿಗೂ ಒಂದೇ. ಜಗಳ ಆಮೇಲೆ ಚಹಾದಂಗಡಿಯಲ್ಲಿ, ಅದೂ ಬೆಲೆ ಯಾಕೆ ಬಿತ್ತು ಎಂಬುದರ ಮೇಲೆ. ಈಗ ಬೆಲೆ ಬಿದ್ದದ್ದು ನಿಜವೋ ಸುಳ್ಳೋ ಎಂಬುದಕ್ಕೇ ಜಗಳ.

ಅಂಥ ವಾಚನಾಲಯಗಳಿಗಾಗಿ 1965ರಲ್ಲೇ ಕಾನೂನು ಬಂದಿದೆ. ಆಸ್ತಿ ತೆರಿಗೆಯ ಜೊತೆ ಶೇ 6ರಷ್ಟು ಗ್ರಂಥಾಲಯ ಕರವನ್ನು ನೀವೂ ಕಟ್ಟುತ್ತೀರಿ, ನಾನೂ ಕಟ್ಟುತ್ತೇನೆ. ವಸೂಲಿಯಲ್ಲಿ ತಪ್ಪದ ಎಷ್ಟೋ ಸ್ಥಳೀಯ ಸಂಸ್ಥೆಗಳು ಆ ಹಣವನ್ನು ಗ್ರಂಥಾಲಯಕ್ಕೆ ದಾಟಿಸುವಾಗ ಮಾತ್ರ ವರ್ಷಗಟ್ಟಲೆ ಬಾಕಿ ಉಳಿಸಿಕೊಳ್ಳುತ್ತವೆ. ನಮ್ಮ ಭಾಗಕ್ಕೆ ವಿಶೇಷ ಸ್ಥಾನ ಕೊಡುವ ಸಂವಿಧಾನದ 371(ಜೆ) ವಿಧಿ ಬಂತು, ಹೈದರಾಬಾದ್ ಕರ್ನಾಟಕ ಹೋಗಿ ಕಲ್ಯಾಣ ಕರ್ನಾಟಕವಾಯಿತು. ಓದುವ ಮೇಜಿಗೆ ಕುರ್ಚಿ ಬಂದಿತೇ?

ಎರಡು ಪುಟದ ನಿಮ್ಮ ಪತ್ರದಲ್ಲಿ ಮೊಬೈಲಿಗೆ ಒಂದೂವರೆ ಪುಟ, ಗ್ರಂಥಾಲಯಕ್ಕೆ ಒಂದು ಸಾಲೂ ಇಲ್ಲ. ಮಾಸ್ತರರಾಗಿ ಹೀಗೆ ಮಾಡಬಹುದೇ? ಅಲ್ಲಿಗೆ ಎಷ್ಟು ಪತ್ರಿಕೆಗಳು ಬರುತ್ತವೆ, ಸಂಜೆ ಬಾಗಿಲು ಎಷ್ಟು ಹೊತ್ತಿಗೆ ಹಾಕುತ್ತಾರೆ, ನೋಡಿ ಬರೆಯಿರಿ. ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇನೆ.